ಬಿಲ್ ಹೊಡೆಯುವ ಕೈಗೆ ಬೇರೆ ಕೆಲಸ ಕಲಿಸುವುದು

ಕೀಬೋರ್ಡಿನ ಬಲಗಡೆ ಅಂಕಿಗಳ ಗುಂಡಿಗಳಿರುತ್ತವಲ್ಲ, ಅವನ್ನು ನೋಡದೆ ಒತ್ತುವುದರಲ್ಲಿ ಗಿರಾಕಿಗಳ ಲೆಕ್ಕ ಬರೆಯುವ ನಮ್ಮ ಕಚೇರಿಯಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ಎಡಗೈಯಲ್ಲಿ ಬಿಲ್ಲುಗಳ ಕಂತೆ, ಬಲಗೈ ಗುಂಡಿಗಳ ಮೇಲೆ, ಕಣ್ಣು ಕಾಗದದ ಮೇಲೆ. ತಿಂಗಳ ಹತ್ತನೇ ತಾರೀಖು ರಾತ್ರಿ ಎಂಟಾದರೂ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ, ಮರುದಿನ ಜಿಎಸ್‌ಟಿಆರ್‌-1ಕ್ಕೆ, ಅಂದರೆ ಹಿಂದಿನ ತಿಂಗಳ ಮಾರಾಟದ ಲೆಕ್ಕ ಸಲ್ಲಿಸಲು, ಕೊನೆಯ ದಿನ. ಈ ಚುರುಕಿನ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯಿತ್ತು. ಎರಡು ವರ್ಷದ ಹಿಂದೆ ನಮ್ಮ ಕಚೇರಿಗೆ ಬಿಲ್ಲಿನ ಫೋಟೊ ನೋಡಿ ತಾನೇ ಎಂಟ್ರಿ ಹಾಕುವ ತಂತ್ರಾಂಶ ಬಂತು. ನನ್ನ ನಾಲ್ಕು ದಿನದ ಕೆಲಸ ಮಧ್ಯಾಹ್ನದ ಊಟಕ್ಕೆ ಮುಂಚೆ ಮುಗಿಯಿತು.

ನಾನು 2001ರಲ್ಲಿ ದಾವಣಗೆರೆಯ ಎಪಿಎಂಸಿ ಯಾರ್ಡಿನ ದಲಾಲಿ ಅಂಗಡಿಯೊಂದರಲ್ಲಿ ಕಿರ್ದಿ, ಅಂದರೆ ದಿನದ ಜಮಾ-ಖರ್ಚು, ಬರೆಯಲು ಸೇರಿದವಳು. ಕೆಂಪು ರಟ್ಟಿನ ಉದ್ದನೆಯ ಪುಸ್ತಕ, ಮೆಕ್ಕೆಜೋಳದ ಧೂಳು, ಪಕ್ಕದಲ್ಲಿ ಒಬ್ಬ ಹಿರಿಯ ಗುಮಾಸ್ತರು. ಮೂರು ವರ್ಷದ ಮೇಲೆ ಅಂಗಡಿಗೆ ಕಂಪ್ಯೂಟರ್ ಮತ್ತು ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶ ಬಂದವು. "ಈ ಪೆಟ್ಟಿಗೆಗೆ ಜೋಳ ಹಸಿಯೋ ಒಣಗಿದೆಯೋ ತಿಳಿಯುತ್ತದೆಯೇ?" ಎಂದು ಗುಮಾಸ್ತರು ಬೈದರು, ಕೊನೆಯವರೆಗೂ ಅದನ್ನು ಮುಟ್ಟಲಿಲ್ಲ. ಆದರೂ ಸಾಹುಕಾರರು ಅವರನ್ನು ಬಿಡಿಸಲಿಲ್ಲ. ಯಾವ ರೈತ ಯಾರ ಮಾತಿನ ಮೇಲೆ ಮುಂಗಡ ಒಯ್ದಿದ್ದಾನೆ ಎಂಬುದು ಯಾವ ಪುಸ್ತಕದಲ್ಲೂ ಇರಲಿಲ್ಲ, ಅವರ ತಲೆಯಲ್ಲಿತ್ತು. ಈಗ ನನ್ನ ಸರದಿ ಬಂದಾಗ ಅವರು ಬಹಳ ನೆನಪಾದರು.

ಕೆಳಗೆ ಬರೆದಿರುವುದು ಈ ಎರಡು ವರ್ಷದಲ್ಲಿ ನಾನು ಮಾಡಿದ್ದು ಮತ್ತು ಎಡವಿದ್ದು. ಅಂಗಡಿಯಲ್ಲಿ, ಸಹಕಾರ ಸಂಘದಲ್ಲಿ, ಲೆಕ್ಕಪರಿಶೋಧಕರ ಕಚೇರಿಯಲ್ಲಿ ಲೆಕ್ಕ ಬರೆಯುವವರಿಗೆ ನೇರವಾಗಿ ಉಪಯೋಗಕ್ಕೆ ಬಂದೀತು. ಬೇರೆ ಕೆಲಸದವರು ಬಿಲ್ಲಿನ ಜಾಗದಲ್ಲಿ ತಮ್ಮ ಕಾಗದವನ್ನು ಇಟ್ಟುಕೊಂಡು ಓದಿಕೊಳ್ಳಲಿ.

ಮೊದಲು ನಿಮ್ಮ ಹೊತ್ತಿನ ಕಿರ್ದಿ

ಊರವರ ದುಡ್ಡಿನ ಕಿರ್ದಿ ಬರೆಯುವ ನಾವು ನಮ್ಮ ಹೊತ್ತಿನ ಕಿರ್ದಿ ಬರೆಯುವುದಿಲ್ಲ. ನೂರು ಪುಟದ ಒಂದು ನೋಟ್‌ಬುಕ್ ತಂದು, ಒಂದು ವಾರ ಅರ್ಧ ಗಂಟೆಗೊಮ್ಮೆ ಏನು ಮಾಡಿದಿರೆಂದು ಬರೆಯಿರಿ. ವಾರವನ್ನು ಆರಿಸುವಾಗ ಎಚ್ಚರ: ಬಿಡುವಿನ ವಾರ ಸುಳ್ಳು ಹೇಳುತ್ತದೆ. ನಾನು ಹತ್ತರಿಂದ ಇಪ್ಪತ್ತನೇ ತಾರೀಖಿನ ನಡುವಿನ ವಾರ ಹಿಡಿದೆ. 52 ಗಂಟೆಯಲ್ಲಿ ಬಿಲ್ ಎಂಟ್ರಿ 23, ಬ್ಯಾಂಕ್ ಸ್ಟೇಟ್‌ಮೆಂಟ್ ತಾಳೆ ನೋಡುವುದು 9, ಗಿರಾಕಿಗಳ ಜೊತೆ ಫೋನು 7, ತಪ್ಪು ಹುಡುಕುವುದು 6, ಕಾಗದ ಹುಡುಕುವುದು 4, ನೋಟಿಸಿಗೆ ಉತ್ತರ ತಯಾರಿಸುವುದು 3.

ಆಮೇಲೆ ಒಂದೊಂದು ಕೆಲಸದ ಮುಂದೆಯೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದರ ಉತ್ತರ ಕಾಗದದಲ್ಲೇ ಇದೆಯೇ, ಇಲ್ಲ ಯಾರನ್ನಾದರೂ ಕೇಳಬೇಕೇ? ಕಾಗದದಲ್ಲೇ ಇರುವುದಾದರೆ ಆ ಕೆಲಸ ಇಂದಲ್ಲ ನಾಳೆ ಯಂತ್ರದ ಪಾಲು. ನನ್ನ ಲೆಕ್ಕದಲ್ಲಿ ಅಂಥವು 32 ಗಂಟೆ. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಇದು ದಿಢೀರನೆ ಬಂದದ್ದೂ ಅಲ್ಲ. ಇ-ಇನ್‌ವಾಯ್ಸ್, ಅಂದರೆ ಬಿಲ್ಲನ್ನು ಸರ್ಕಾರದ ಪೋರ್ಟಲ್ಲಿನಲ್ಲಿ ದಾಖಲಿಸುವುದು, ಕಡ್ಡಾಯವಾದದ್ದನ್ನೇ ನೋಡಿ. 2020ರ ಅಕ್ಟೋಬರ್‌ನಲ್ಲಿ 500 ಕೋಟಿ ರೂಪಾಯಿಗಿಂತ ಹೆಚ್ಚು ವಹಿವಾಟಿನವರಿಗೆ, ಆಮೇಲೆ ನೂರು ಕೋಟಿ, ಐವತ್ತು, ಇಪ್ಪತ್ತು, ಹತ್ತು, 2023ರ ಆಗಸ್ಟ್ 1ರಿಂದ ಐದು ಕೋಟಿ. ಒಂದೊಂದು ಮೆಟ್ಟಿಲು ಇಳಿದಾಗಲೂ ಅಷ್ಟು ವ್ಯಾಪಾರಿಗಳ ಬಿಲ್ಲು ಯಂತ್ರವೇ ಓದಬಲ್ಲ ರೂಪದಲ್ಲಿ ಸರ್ಕಾರದ ಪೋರ್ಟಲ್ಲಿಗೆ ಸೇರುತ್ತಿತ್ತು, ಅದನ್ನು ನಾನು ಮತ್ತೊಮ್ಮೆ ಹೊಡೆಯುವ ಅಗತ್ಯವೇ ಇರಲಿಲ್ಲ. ಮೆಟ್ಟಿಲಿಳಿದು ನಮ್ಮ ಬಾಗಿಲಿಗೆ ಬಂದು ನಿಂತಿದ್ದರೂ ನಾನು ಹೊಡೆಯುತ್ತಲೇ ಇದ್ದೆ. ನಿಮ್ಮ ಕೆಲಸದಲ್ಲೂ ಇಂಥ ಮೆಟ್ಟಿಲು ಇರುತ್ತದೆ. ಅದು ಕೃತಕ ಬುದ್ಧಿಮತ್ತೆಯ ಸುದ್ದಿಯಲ್ಲಿ ಸಿಗುವುದಿಲ್ಲ, ಯಾರೂ ಓದದ ಸುತ್ತೋಲೆಗಳಲ್ಲಿ ಸಿಗುತ್ತದೆ.

ಉತ್ತರ ಗೊತ್ತಿರುವುದನ್ನೇ ಕೊಟ್ಟು ನೋಡಿ

ಹೊಸ ತಂತ್ರಾಂಶ ಬಂದಾಗ ಎರಡು ಬಗೆಯ ಜನ ಕಾಣುತ್ತಾರೆ. ಒಬ್ಬರು ಕೈಮುಗಿಯುತ್ತಾರೆ, ಇನ್ನೊಬ್ಬರು ಮುಖ ತಿರುಗಿಸುತ್ತಾರೆ. ಇಬ್ಬರೂ ಅದನ್ನು ಪರೀಕ್ಷಿಸಿರುವುದಿಲ್ಲ. ನೀವು ಮುಗಿಸಿ ಫೈಲಿಗೆ ಸೇರಿಸಿರುವ, ಸರಿಯೆಂದು ಖಾತ್ರಿಯಿರುವ ಹಳೆಯ ಕೆಲಸವನ್ನೇ ಅದಕ್ಕೆ ಕೊಡಿ.

ನಾನು ಒಂದು ಹಾರ್ಡ್‌ವೇರ್ ಅಂಗಡಿಯ 60 ಹಳೆಯ ಬಿಲ್ಲು ಕೊಟ್ಟೆ. 54 ಸರಿ ಬಂದವು. ಉಳಿದ ಆರು ನನಗೆ ಯಾವ ತರಬೇತಿಯೂ ಕಲಿಸದ್ದನ್ನು ಕಲಿಸಿದವು. ಒಂದರಲ್ಲಿ 03/04 ಎಂದಿದ್ದ ತಾರೀಖನ್ನು ಮಾರ್ಚ್ 4 ಎಂದು ಓದಿತ್ತು. ಅದು ಏಪ್ರಿಲ್ 3. ಬೇರೆಯವರಿಗೆ ಇದು ಒಂದು ತಿಂಗಳ ವ್ಯತ್ಯಾಸ, ನಮಗೆ ಹಣಕಾಸು ವರ್ಷವೇ ಬೇರೆ. ಇನ್ನೊಂದರಲ್ಲಿ ಅಂಗಡಿಯವರು ಕೆಳಗೆ ಪೆನ್ಸಿಲಿನಲ್ಲಿ "ಹಿಂದಿನ ಬಾಕಿ 1,500" ಎಂದು ಗೀಚಿದ್ದರು. ಯಂತ್ರ ಅದನ್ನು ಸಾಗಣೆ ವೆಚ್ಚವೆಂದು ಬಿಲ್ಲಿಗೆ ಕೂಡಿಸಿತ್ತು.

ಮೂರನೆಯದು ಜಿಎಸ್‌ಟಿ ಸಂಖ್ಯೆಯದು. ಮಸಿ ಹರಡಿದ ಬಿಲ್ಲಿನಲ್ಲಿ 'ಬಿ' ಅಕ್ಷರ 8 ಆಗಿತ್ತು. ಇದನ್ನು ಕಣ್ಣಿನಿಂದ ಹಿಡಿಯಲು ಹೋದರೆ ಸಂಜೆಯಾಗುತ್ತದೆ. ಆದರೆ ಈ ಸಂಖ್ಯೆಗೆ ಒಂದು ಕಟ್ಟು ಇದೆ. ಒಟ್ಟು ಹದಿನೈದು ಸ್ಥಾನ. ಮೊದಲ ಎರಡು ರಾಜ್ಯದ್ದು, ನಮ್ಮದು 29. ಮುಂದಿನ ಹತ್ತು ಪ್ಯಾನ್: ಐದು ಅಕ್ಷರ, ನಾಲ್ಕು ಅಂಕಿ, ಮತ್ತೆ ಒಂದು ಅಕ್ಷರ. ಕಟ್ಟಕಡೆಯದು ಹಿಂದಿನ ಹದಿನಾಲ್ಕೂ ಸರಿಯಿವೆಯೇ ಎಂದು ನೋಡಲೆಂದೇ ಇಟ್ಟದ್ದು. ಅಂದರೆ ಮೂರರಿಂದ ಏಳನೇ ಸ್ಥಾನದಲ್ಲಿ ಅಂಕಿ ಕಂಡರೆ ಅದು ತಪ್ಪೇ. ಎಕ್ಸೆಲ್‌ನಲ್ಲಿ ಒಂದು ಸೂತ್ರ ಬರೆದೆ, ಇಂಥವೆಲ್ಲ ಕೆಂಪಾಗಿ ಎದ್ದು ಕಾಣತೊಡಗಿದವು. ಇಷ್ಟು ವರ್ಷ ಟೈಪಿಸಿದ ಸಂಖ್ಯೆಯ ಒಳಗಟ್ಟು ನನಗೆ ತಿಳಿದದ್ದು ಟೈಪಿಸುವುದನ್ನು ನಿಲ್ಲಿಸಿದ ಮೇಲೆ.

ಆ ಆರು ತಪ್ಪುಗಳಿಂದ ಒಂದು ಪಟ್ಟಿ ಮಾಡಿದೆ. ಈಗ ಅದರಲ್ಲಿ ಮೂವತ್ತೊಂದು ಸಾಲುಗಳಿವೆ. ಯಾವ ಯಂತ್ರ ಎಲ್ಲಿ ಎಡವುತ್ತದೆ ಎಂಬ ಇಂಥ ಪಟ್ಟಿಯನ್ನು ನಿಮ್ಮ ಕೆಲಸಕ್ಕೂ ಮಾಡಿಕೊಳ್ಳಿ. ನನ್ನ ಸಂಬಳ ಈಗ ಬಹುಮಟ್ಟಿಗೆ ಈ ಪಟ್ಟಿಯಿಂದ ಬರುತ್ತಿದೆ.

ತಾಳೆಯಾದರೆ ಸರಿಯೆಂದಲ್ಲ

ಒಬ್ಬ ಬಟ್ಟೆ ವ್ಯಾಪಾರಿ ಅಂಗಡಿಯ ಹೆಸರಿನಲ್ಲಿ ಕಾರು ಕೊಂಡರು. ಬಿಲ್ಲು ಅಚ್ಚುಕಟ್ಟಾಗಿತ್ತು. ಯಂತ್ರ ಒಂದಕ್ಷರ ತಪ್ಪದೆ ಓದಿ, ಅಷ್ಟೂ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕೊಟ್ಟ, ವಾಪಸ್ ಸಿಗುವ ತೆರಿಗೆ) ಎಂದು ಹಾಕಿತು. ಮೊತ್ತ ಪೈಸೆಗೆ ಪೈಸೆ ತಾಳೆ. ಆದರೆ ಜಿಎಸ್‌ಟಿ ಕಾಯ್ದೆಯ 17(5)ನೇ ಕಲಮಿನ ಪ್ರಕಾರ ಇಂಥ ಕಾರಿನ ಮೇಲಿನ ತೆರಿಗೆ ಬಟ್ಟೆ ವ್ಯಾಪಾರಿಗೆ ವಾಪಸ್ ಸಿಗುವುದಿಲ್ಲ. ಕಾರು ಮಾರುವವರಿಗೆ, ಬಾಡಿಗೆಗೆ ಜನರನ್ನು ಒಯ್ಯುವವರಿಗೆ, ಡ್ರೈವಿಂಗ್ ಶಾಲೆಯವರಿಗೆ ಸಿಗುತ್ತದೆ. ಅದು ಬಿಲ್ಲಿನಲ್ಲಿ ಬರೆದಿರುವುದಿಲ್ಲ.

ಆದ್ದರಿಂದ ಉಳಿದ ಹೊತ್ತನ್ನು ಮೊದಲು ಕಾಯ್ದೆ ಓದಲು ಹಾಕಿ. ಇಡೀ ಕಾಯ್ದೆ ಬೇಡ, ನಿಮ್ಮ ಹತ್ತು ಗಿರಾಕಿಗಳಿಗೆ ತಗಲುವ ಇಪ್ಪತ್ತು ಕಲಮು ಸಾಕು. ಮಾರಿದವರಿಗೆ 180 ದಿನದೊಳಗೆ ಹಣ ಕೊಡದಿದ್ದರೆ ಪಡೆದ ಕ್ರೆಡಿಟ್ ಹಿಂತಿರುಗಿಸಬೇಕು ಎಂಬುದು ನಮ್ಮ ಅರ್ಧದಷ್ಟು ಗಿರಾಕಿಗಳಿಗೆ ಗೊತ್ತಿರಲಿಲ್ಲ. ನಾನೀಗ ಪ್ರತಿ ತಿಂಗಳು 150 ದಿನ ದಾಟಿದ ಬಿಲ್ಲುಗಳ ಪಟ್ಟಿ ಕಳುಹಿಸುತ್ತೇನೆ. ಪಟ್ಟಿ ಮಾಡುವುದು ಯಂತ್ರ, ಫೋನು ಮಾಡಿ "ಇದನ್ನು ಮೊದಲು ಕಟ್ಟಿಬಿಡಿ" ಎನ್ನುವುದು ನಾನು.

ಮೊಬೈಲಿನಲ್ಲಿ ಮಾತಾಡುವ ಯಂತ್ರಗಳ (ಚಾಟ್‌ಬಾಟ್) ವಿಷಯದಲ್ಲಿ ಇನ್ನಷ್ಟು ಜಾಗ್ರತೆ ಬೇಕು. ಸಿಮೆಂಟಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇಕಡ 28ರಿಂದ 18ಕ್ಕೆ ಇಳಿಯಿತು. ಅಕ್ಟೋಬರ್‌ನಲ್ಲಿ ನಾನು ಕೇಳಿದಾಗ ಅಂಥದೊಂದು ಯಂತ್ರ ಸ್ವಲ್ಪವೂ ತಡವರಿಸದೆ 28 ಎಂದಿತು. ತಾನು ಓದಿದ ಹಳೆಯ ಬರಹಗಳಲ್ಲಿ ಇದ್ದದ್ದನ್ನು ಹೇಳಿತ್ತು, ಅಷ್ಟೇ. ಆದಾಯ ತೆರಿಗೆಯಲ್ಲೂ 2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಜಾಗಕ್ಕೆ 2025ರ ಕಾಯ್ದೆ, ಕಲಮುಗಳ ಸಂಖ್ಯೆಯೇ ಬೇರೆ. ದರ, ಗಡುವು, ಕಲಮು ಈ ಮೂರನ್ನು ಮಾತ್ರ ಇಲಾಖೆಯ ಅಧಿಸೂಚನೆ ತೆರೆದೇ ನೋಡಬೇಕು. ದೊಡ್ಡವರೂ ಇಲ್ಲಿ ಎಡವಿದ್ದಾರೆ. ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಪೀಠ 2024ರ ಡಿಸೆಂಬರ್‌ನಲ್ಲಿ ಕೊಟ್ಟ ಆದೇಶವೊಂದರಲ್ಲಿ ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳ ಉಲ್ಲೇಖವಿತ್ತೆಂದು ಪತ್ರಿಕೆಗಳು ಬರೆದವು, ಆ ಆದೇಶವನ್ನು ಹಿಂದಕ್ಕೆ ಪಡೆಯಲಾಯಿತು.

ಕೆಲಸ ಹೇಳುವ ಬಗೆ

ಹೊಸದಾಗಿ ಸೇರಿದ ಹುಡುಗನಿಗೆ ಕೆಲಸ ಹೇಳುವಂತೆ ಯಂತ್ರಕ್ಕೂ ಹೇಳಬೇಕು. ನಾನು ಮೊದಲ ಸಲ "ಈ ನೋಟಿಸಿಗೆ ಉತ್ತರ ಬರೆ" ಎಂದೆ. ಎರಡು ಪುಟ ಸಕ್ಕರೆ ಪಾಕ ಬಂತು, ಒಂದು ಅಂಕಿಯೂ ಇರಲಿಲ್ಲ. ಈಗ ಹೀಗೆ ಬರೆಯುತ್ತೇನೆ (2ಬಿ ಎಂದರೆ ಮಾರಾಟಗಾರರು ಹಾಕಿದ ರಿಟರ್ನ್‌ಗಳಿಂದ ಪೋರ್ಟಲ್ ತಾನೇ ತಯಾರಿಸುವ ಕ್ರೆಡಿಟ್ ಪಟ್ಟಿ):

"ಗಿರಾಕಿ ದಾವಣಗೆರೆಯ ಹಾರ್ಡ್‌ವೇರ್ ವ್ಯಾಪಾರಿ. 2ಬಿ ಪಟ್ಟಿಯಲ್ಲಿ ಇರುವುದಕ್ಕಿಂತ 18,400 ರೂಪಾಯಿ ಹೆಚ್ಚು ಕ್ರೆಡಿಟ್ ಪಡೆದಿದ್ದಾರೆಂದು ನೋಟಿಸ್ ಬಂದಿದೆ. ಕಾರಣ, ಇಬ್ಬರು ಮಾರಾಟಗಾರರು ತಮ್ಮ ರಿಟರ್ನ್ ತಡವಾಗಿ ಹಾಕಿದ್ದಾರೆ, ಆ ಬಿಲ್ಲುಗಳು ಮುಂದಿನ ತಿಂಗಳ ಪಟ್ಟಿಯಲ್ಲಿ ಬಂದಿವೆ. ಇದನ್ನು ಒಂದು ಪುಟದಲ್ಲಿ, ಬಿಲ್ಲುಗಳ ಕೋಷ್ಟಕದೊಂದಿಗೆ ಬರೆ. ನಾನು ಕೊಡದ ಅಂಕಿ, ಕಲಮು, ತೀರ್ಪು ಸೇರಿಸಬೇಡ. ಗೊತ್ತಿಲ್ಲದ ಜಾಗವನ್ನು ಖಾಲಿ ಬಿಡು."

ಇಷ್ಟು ಬರೆಯಬೇಕಾದರೆ ಕಾರಣ ನನಗೆ ಮೊದಲೇ ಗೊತ್ತಿರಬೇಕು. ಅದನ್ನು ಹುಡುಕಲು ಇಬ್ಬರು ಮಾರಾಟಗಾರರಿಗೆ ನಾಲ್ಕು ಸಲ ಫೋನು ಮಾಡಿದ್ದೆ. ಕೊನೆಯ ಸಾಲನ್ನಂತೂ ಎಂದೂ ಬಿಡಬೇಡಿ. ಖಾಲಿ ಬಿಡಲು ಅನುಮತಿ ಕೊಡದಿದ್ದರೆ ಈ ಯಂತ್ರಗಳು ಏನನ್ನಾದರೂ ತುಂಬುವ ಸಂಭವ ಹೆಚ್ಚು. ಹಾಗೆ ನೋಡಿದರೆ ನಮ್ಮಲ್ಲೂ ಅಂಥವರಿಲ್ಲದೇ ಇಲ್ಲ.

ಗಿರಾಕಿಯ ಹೆಸರು, ಪ್ಯಾನ್, ಬ್ಯಾಂಕ್ ಖಾತೆ ಯಾವುದನ್ನೂ ಪುಕ್ಕಟೆ ಆ್ಯಪ್‌ಗಳಿಗೆ ಕೊಡಬೇಡಿ. ಕಚೇರಿ ದುಡ್ಡು ಕೊಟ್ಟು ಕೊಂಡ ತಂತ್ರಾಂಶಕ್ಕೂ ಯಜಮಾನರ ಒಪ್ಪಿಗೆ ಬರಹದಲ್ಲಿರಲಿ. ಊರಿನ ಸಾಲ ಸೋಲವೆಲ್ಲ ನಮ್ಮ ಕೈಯಲ್ಲಿರುತ್ತದೆ. ಒಂದು ಸಲ ಸೋರಿದರೆ ಆ ಬೀದಿಯಲ್ಲಿ ಮತ್ತೆ ತಲೆಯೆತ್ತಿ ನಡೆಯುವಂತಿಲ್ಲ.

ಹಾಲಿನಂಗಡಿಯ ಎರಡು ಬೆಳಗು

2025ರ ಜುಲೈ ತಿಂಗಳು ನೆನಪಿರಬಹುದು. ಯುಪಿಐ ಮೂಲಕ ಬಂದ ಹಣದ ಮೊತ್ತ ನೋಡಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆಯವರಿಗೆ 20 ಲಕ್ಷ ದಾಟಿದರೆ ನೋಂದಣಿ ಬೇಕು ಎಂಬುದು ನಿಯಮ. ಅಂಗಡಿಗಳ ಗೋಡೆಯಿಂದ ಕ್ಯೂಆರ್ ಚೀಟಿಗಳು ಇಳಿದವು, "ನಗದು ಮಾತ್ರ" ಎಂಬ ರಟ್ಟುಗಳು ಏರಿದವು.

ಹಾಲು, ಬಿಸ್ಕತ್ತು ಮಾರುವ ಒಬ್ಬರು ನೋಟಿಸ್ ಹಿಡಿದು ನಮ್ಮ ಕಚೇರಿಗೆ ಬಂದರು. "ಅಕ್ಕಾ, ಇಷ್ಟು ದುಡ್ಡು ನಾನು ಕಣ್ಣಲ್ಲೇ ನೋಡಿಲ್ಲ" ಎಂದರು. ಒಂದು ವರ್ಷದಲ್ಲಿ ಅವರ ಯುಪಿಐಗೆ ಬಂದದ್ದು 61 ಲಕ್ಷ. ಸ್ಟೇಟ್‌ಮೆಂಟನ್ನು ಯಂತ್ರಕ್ಕೆ ಹಾಕಿದರೆ ಮಾರಾಟ 61 ಲಕ್ಷ ಎಂದೇ ಹೇಳಿತು. ಹಣ ಬಂದದ್ದು ಅದಕ್ಕೆ ಕಾಣುತ್ತದೆ, ಏಕೆ ಬಂತೆಂದು ಕಾಣುವುದಿಲ್ಲ.

ಎರಡು ದಿನ ಬೆಳಗ್ಗೆ ಐದೂವರೆಗೆ ಹೋಗಿ ಅವರ ಅಂಗಡಿಯ ಸ್ಟೂಲಿನ ಮೇಲೆ ಕುಳಿತೆ. ದಿನಕ್ಕೆ ಎಷ್ಟು ಕ್ರೇಟ್ ಹಾಲು ಇಳಿಯುತ್ತದೆ, ಡಬ್ಬಿಯಲ್ಲಿ ತುರುಕಿಟ್ಟ ಹಾಲಿನ ಚೀಟಿಗಳು ಏನು ಹೇಳುತ್ತವೆ, ಎಲ್ಲ ಬರೆದುಕೊಂಡೆ. ತೆರಿಗೆಯಿಲ್ಲದ ಹಾಲಿನದೇ 38 ಲಕ್ಷ. ತಿಂಗಳ ಮೊದಲ ವಾರ ಒಂದೇ ಅಳತೆಯ ಹಣ ಬರುತ್ತಿದ್ದುದು ಓಣಿಯ ಹೆಂಗಸರ ಚೀಟಿ ವ್ಯವಹಾರದ್ದು, 3 ಲಕ್ಷ. ಭಾವಮೈದುನ ಮನೆ ಕಟ್ಟಿಸುವಾಗ ಇವರ ಖಾತೆಯ ಮೂಲಕ ದಾಟಿಸಿದ್ದು 4 ಲಕ್ಷ. ಉಳಿದ 16 ಲಕ್ಷ ಬೇಕರಿ ಸರಕು. ಇಷ್ಟೂ ಇವರಿಗೆ ಪೂರ್ತಿ ಅನುಕೂಲವಾಗಿರಲಿಲ್ಲ. ನೋಂದಣಿಯ ಮಿತಿ ಎಣಿಸುವಾಗ ತೆರಿಗೆಯಿಲ್ಲದ ಹಾಲೂ ಸೇರುವುದರಿಂದ ನೋಂದಣಿ ಮಾಡಿಸಲೇಬೇಕಿತ್ತು, ನಗದು ವ್ಯಾಪಾರದ ಲೆಕ್ಕವೂ ಬೇರೆ ಇತ್ತು. ಅದನ್ನು ಮುಚ್ಚಿಡದೆ ಹೇಳಿದೆ. ಆದರೆ ತೆರಿಗೆ 61 ಲಕ್ಷಕ್ಕೆ ಬೀಳುವುದಕ್ಕೂ 16 ಲಕ್ಷಕ್ಕೆ ಬೀಳುವುದಕ್ಕೂ ಇರುವ ಅಂತರದಲ್ಲಿ ಅವರ ಅಂಗಡಿ ಉಳಿಯಿತು.

ಆ ತಿಂಗಳು ಇಂಥ ಹನ್ನೊಂದು ಅಂಗಡಿಗಳ ಕೆಲಸ ಬಂತು. ಸರ್ಕಾರದ ಕಡೆ ಕೆಲಸ ಯಂತ್ರದ ಕೈಗೆ ಹೋದಷ್ಟೂ ಜನರ ಕಡೆ ವಿವರಿಸುವವರು ಬೇಕಾಗುತ್ತಾರೆ ಎಂದು ಆಗ ಹೊಳೆಯಿತು. ಇದಕ್ಕೆ ತಯಾರಿ ಹೀಗೆ: ತಿಂಗಳಿಗೆ ಒಬ್ಬ ಗಿರಾಕಿಯ ಜಾಗಕ್ಕೆ ಹೋಗಿ ಒಂದು ಗಂಟೆ ಸುಮ್ಮನೆ ಕುಳಿತು ಬನ್ನಿ. ವಿಚಿತ್ರವೆನಿಸುವ ಮೂರು ಎಂಟ್ರಿಗಳ ಬಗ್ಗೆ ಕೇಳಿ. ಉತ್ತರವನ್ನು ಬೇರೆ ಪುಸ್ತಕದಲ್ಲಿ ಬರೆದಿಡಿ. ತಿಂಗಳ ಕೊನೆಗೆ ಅವರಿಗೆ ಕನ್ನಡದಲ್ಲಿ ಒಂದು ಪುಟ ಬರೆದು ಕಳುಹಿಸಿ: ಎಷ್ಟು ಬಂತು, ಎಷ್ಟು ಹೋಯಿತು, ಮುಂದಿನ ತಿಂಗಳು ಯಾವುದಕ್ಕೆ ಹಣ ಎತ್ತಿಡಬೇಕು. ನಮ್ಮ ಗಿರಾಕಿಗಳು ಜಿಎಸ್‌ಟಿ ರಿಟರ್ನ್ ಎಂದೂ ತೆರೆದು ನೋಡಿದವರಲ್ಲ. ಈ ಒಂದು ಪುಟವನ್ನು ಮಾತ್ರ ಗಲ್ಲಾಪೆಟ್ಟಿಗೆಯ ಮೇಲೆ ಅಂಟಿಸಿಕೊಂಡಿದ್ದಾರೆ.

ಯಜಮಾನರಿಗೆ ನೀವೇ ಮೊದಲು ಹೇಳಿ

ಇಲ್ಲಿ ನಾನು ದೊಡ್ಡ ತಪ್ಪು ಮಾಡಿದೆ. ಯಂತ್ರದಿಂದ ಉಳಿದ ಹೊತ್ತನ್ನು ನಾಲ್ಕು ತಿಂಗಳು ಮುಚ್ಚಿಟ್ಟೆ. ಕೆಲಸವಿರುವಂತೆ ಕಾಣಿಸಿಕೊಳ್ಳುವುದು ಕೆಲಸಕ್ಕಿಂತ ಕಷ್ಟ. ಕೊನೆಗೆ ಅವರಿಗೆ ತಾನಾಗಿಯೇ ಗೊತ್ತಾಯಿತು, ಅದೇ ಸಂಬಳಕ್ಕೆ ಇನ್ನೂ ಹದಿನೈದು ಗಿರಾಕಿಗಳ ಫೈಲು ನನ್ನ ಮೇಜಿಗೆ ಬಂದವು. ಬೇಸರವಾಯಿತು, ಆದರೆ ಬಾಯಿ ತೆರೆಯದಿದ್ದವಳು ನಾನೇ.

ಮರುವರ್ಷ ಒಂದು ಹಾಳೆ ಬರೆದುಕೊಂಡು ಹೋದೆ. ಎಡಗಡೆ, ಯಾವ ಕೆಲಸದಲ್ಲಿ ಎಷ್ಟು ಗಂಟೆ ಉಳಿದಿದೆ. ಬಲಗಡೆ, ಆ ಗಂಟೆಗಳಲ್ಲಿ ಏನು ಮಾಡಬಲ್ಲೆ, ಅದಕ್ಕೆ ಗಿರಾಕಿಯಿಂದ ಎಷ್ಟು ಶುಲ್ಕ ಪಡೆಯಬಹುದು. ಆರು ಸಾವಿರ ಹೆಚ್ಚು ಕೇಳಿದೆ, ಮೂರೂವರೆ ಸಿಕ್ಕಿತು. ಎಲ್ಲರಿಗೂ ಇಷ್ಟಾದರೂ ಸಿಗುತ್ತದೆ ಎಂದು ನಾನು ಹೇಳಲಾರೆ. ಇನ್ನೊಂದು ಕಚೇರಿಯಲ್ಲಿ ಎಂಟ್ರಿ ಮಾಡುತ್ತಿದ್ದ ಇಬ್ಬರನ್ನು ಒಂದೇ ದಿನ ಬಿಡಿಸಿದರು, ಹಾಳೆ ಬರೆಯಲು ಅವರಿಗೆ ಯಾರೂ ಅವಕಾಶ ಕೊಡಲಿಲ್ಲ. ಹಾಗಾಗಿ ಆರು ತಿಂಗಳ ಮನೆಖರ್ಚಿನಷ್ಟು ಹಣ ಬ್ಯಾಂಕಿನಲ್ಲಿ ಸೇರುವವರೆಗೆ ಹೊಸ ಸಾಲ ಬೇಡ, ಚಿನ್ನವೂ ಬೇಡ.

ಕೋರ್ಸುಗಳ ಬಗ್ಗೆ ಎರಡು ಮಾತು. ನನ್ನ ಅಕ್ಕನ ಮಗ 45,000 ರೂಪಾಯಿ ಕೊಟ್ಟು ಕೃತಕ ಬುದ್ಧಿಮತ್ತೆಯ ಪ್ರಮಾಣಪತ್ರ ತಂದ. ಅದಕ್ಕೆ ಚೌಕಟ್ಟು ಹಾಕಿಸಿದ್ದೂ ಆಯಿತು, ಕೆಲಸ ಇನ್ನೂ ಹುಡುಕುತ್ತಿದ್ದಾನೆ. ಆ ದುಡ್ಡು ಉಳಿಸಿಕೊಳ್ಳಿ. ಎಕ್ಸೆಲ್‌ನಲ್ಲಿ ಪಿವಟ್ ಟೇಬಲ್ ಮತ್ತು ಪವರ್ ಕ್ವೆರಿ ಗಟ್ಟಿಯಾಗಿ ಕಲಿಯಿರಿ, ಇದಕ್ಕೆ ಯೂಟ್ಯೂಬ್ ಸಾಕು. ಕೇಂದ್ರ ಸರ್ಕಾರದ 'ಸ್ವಯಂ' ಜಾಲತಾಣದಲ್ಲಿ ಪಾಠ ಕೇಳುವುದು ಉಚಿತ, ಪರೀಕ್ಷೆ ಬರೆದು ಪ್ರಮಾಣಪತ್ರ ಬೇಕೆಂದರೆ ಮಾತ್ರ ಶುಲ್ಕ. ನಾನು ಬೆಳಗ್ಗೆ ಕುಕ್ಕರ್ ಇಟ್ಟು ಮುಕ್ಕಾಲು ಗಂಟೆ ಕೂರುತ್ತಿದ್ದೆ, ಅಷ್ಟರಲ್ಲಿ ಆಗುವಷ್ಟೇ.

ಬಿ.ಕಾಂ. ಮುಗಿಸಿ ಬರುವವರಿಗೆ ಮಾತ್ರ ನಾನು ಹೇಳುವುದು ತಿರುಗಾಮುರುಗ ಅನಿಸಬಹುದು. ಮೊದಲ ಐನೂರು ಬಿಲ್ಲು ಕೈಯಲ್ಲೇ ಹೊಡೆಯಿರಿ. ನಾವೆಲ್ಲ ಕಲಿತದ್ದು ಆ ಬೇಸರದ ಕೆಲಸದಲ್ಲೇ. ಯಾವ ಅಂಗಡಿಯ ಬಿಲ್ಲು ಹೇಗಿರುತ್ತದೆ, ಯಾವ ಸರಕಿಗೆ ಎಷ್ಟು ಬೆಲೆ, ಯಾರು ಶನಿವಾರ ಮಾತ್ರ ಬಿಲ್ಲು ಬರೆಯುತ್ತಾರೆ, ಇದೆಲ್ಲ ಬೆರಳಿನಿಂದ ತಲೆಗೆ ಏರಿದ್ದು. ಅದಿಲ್ಲದೆ ಯಂತ್ರ ಹೇಳಿದ್ದಕ್ಕೆ ತಲೆಯಾಡಿಸುವುದಷ್ಟೇ ಉಳಿಯುತ್ತದೆ.

ನಮ್ಮಲ್ಲಿ ಕಳೆದ ವರ್ಷ ಸೇರಿದ ಹುಡುಗಿಗೆ ಒಂದು ಲಾರಿ ಮಾಲೀಕರ ಮೂರು ತಿಂಗಳ ಬಿಲ್ಲುಗಳನ್ನು ಹೀಗೇ ಕೈಯಲ್ಲಿ ಹೊಡೆಸಿದೆ. "ಮೇಡಂ, ಯಂತ್ರ ಇರುವಾಗ ನನಗೇಕೆ ಈ ಶಿಕ್ಷೆ?" ಎಂದು ಮುಖ ಊದಿಸಿಕೊಂಡೇ ಮುಗಿಸಿದಳು. ಹೋದ ತಿಂಗಳು ಯಂತ್ರ ಓದಿ ಪಾಸು ಮಾಡಿದ ಕಂತೆಯಿಂದ ಒಂದು ಟೈರಿನ ಬಿಲ್ಲು ಎಳೆದು ನನ್ನ ಮೇಜಿನ ಮೇಲಿಟ್ಟಳು. ತಾರೀಖು ಸರಿ, ಜಿಎಸ್‌ಟಿ ಸಂಖ್ಯೆ ಸರಿ, ಮೊತ್ತ ಸರಿ. "ಈ ನಂಬರಿನ ಲಾರಿಯನ್ನು ಅವರು ಮಾರ್ಚ್‌ನಲ್ಲೇ ಮಾರಿದ್ದಾರೆ ಮೇಡಂ, ಆ ಎಂಟ್ರಿ ಹೊಡೆದವಳು ನಾನೇ" ಎಂದಳು. ಫೋನನ್ನು ಅವಳ ಕೈಗೇ ಕೊಟ್ಟೆ. ಆ ಕಡೆಯಿಂದ ಸಾಹುಕಾರರು ಸ್ವಲ್ಪ ಹೊತ್ತು ಮಾತಾಡಲಿಲ್ಲವಂತೆ. ಆಮೇಲೆ, "ಬಿಲ್ಲು ತಂದುಕೊಟ್ಟ ಡ್ರೈವರನ್ನು ನಾಳೆ ಕರೆಸುತ್ತೇನೆ, ಆ ಕಾಗದ ಹಿಡಿದುಕೊಂಡು ನೀನೂ ಬಾ ತಾಯಿ" ಎಂದರಂತೆ.